ಕಡಲ ದಂಡೆಯಲ್ಲಿ ಖೋ ಖೋ: ಕೇರಿಯ ಮಕ್ಕಳ ತಂಡ ಕಟ್ಟುವುದು ಹೇಗೆ?

ಕಾರವಾರದಿಂದ ಭಟ್ಕಳದವರೆಗೆ ನಮಗೆ ಜಾಗಕ್ಕೇನೂ ಬರವಿಲ್ಲ. ಮರಳಿದೆ, ಸಂಜೆ ಗಾಳಿಯಿದೆ. ಮಕ್ಕಳು ಮಾತ್ರ ಶಾಲೆ ಬಿಟ್ಟ ಮೇಲೆ ಮೊಬೈಲ್ ಹಿಡಿದು ಕೂರುತ್ತಾರೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪಿ.ಟಿ. ಪೀರಿಯಡ್ ಒಂದರಿಂದಲೇ ಇದು ಆಗುವ ಮಾತಲ್ಲ. ಖೋ ಖೋ ಶುರು ಮಾಡಿ. ಚೆಂಡು ಬೇಡ, ಬ್ಯಾಟ್ ಬೇಡ, ಶೂ ಕೂಡ ಬೇಡ.

ಮೊದಲು ಹೊತ್ತು ನೋಡಿಕೊಳ್ಳಿ. ಇಳಿತಕ್ಕೆ ನೀರು ಹಿಂದೆ ಸರಿದಾಗ ಸಿಗುವ ಹಸಿ ಮರಳು ಗಟ್ಟಿ, ಕಾಲಿಗೆ ಹಿಡಿತ ಸಿಗುತ್ತದೆ. ಆದರೆ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಸೋಮವಾರ ಸಂಜೆ 5ಕ್ಕಿದ್ದರೆ ಗುರುವಾರ ಏಳೂವರೆಯ ಹೊತ್ತಿಗೆ. ಮೀನುಗಾರರ ಮನೆಯ ಅಜ್ಜನನ್ನು ಕೇಳಿ, ಬೆರಳೆಣಿಸಿ ಹೇಳುತ್ತಾರೆ. ಹೊತ್ತು ಕೂಡಿ ಬರದ ದಿನ ಗಾಳಿ ಮರದ ಹತ್ತಿರದ ಗಟ್ಟಿ ನೆಲದಲ್ಲಿ ಆಡಿಸಿ. ಮಳೆಗಾಲದಲ್ಲಿ ದಂಡೆಯ ಕಡೆ ಬೇಡವೇ ಬೇಡ. ಶಾಲೆಯ ಜಗಲಿಯಲ್ಲಿ ಹಗ್ಗದಾಟ ಆಡಲಿ.

ಆಮೇಲೆ ನೆಲ. ನಾನು ಶುರು ಮಾಡಿದ ಮೊದಲ ವಾರವೇ ಒಬ್ಬ ಹುಡುಗನ ಕಾಲು ಏಡಿ ಬಿಲಕ್ಕೆ ಸಿಕ್ಕಿ ಉಳುಕಿತು. ಎರಡು ವಾರ ಕುಂಟಿದ. ನೆಲ ನೋಡದೆ ಓಡಿಸಿದ್ದು ನನ್ನದೇ ತಪ್ಪು. ಈಗ ಆಟಕ್ಕೆ ಮುಂಚೆ ಎಲ್ಲರೂ ಸಾಲಾಗಿ ನಡೆದು ಬಿಲ ಮುಚ್ಚುತ್ತಾರೆ, ಗಾಜು, ಗಾಳದ ಮುಳ್ಳು ಹೆಕ್ಕುತ್ತಾರೆ.

ಅಂಗಳ ನಿಯಮದ ಪ್ರಕಾರ 27 ಮೀಟರ್ ಉದ್ದ, 16 ಮೀಟರ್ ಅಗಲ. ದೊಡ್ಡವರ ಹೆಜ್ಜೆಯಲ್ಲಿ ಸುಮಾರು 36 ಮತ್ತು 21. ಚಿಕ್ಕ ಮಕ್ಕಳಿಗೆ ಇನ್ನೂ ಕಡಿಮೆ ಮಾಡಿ. ಎರಡು ತುದಿಗೆ ಗಳ ನೆಟ್ಟು ಹಳೇ ಬಟ್ಟೆ ಸುತ್ತಿ. ನಡುವೆ ಕೋಲಿನಿಂದ ಗೆರೆ ಎಳೆಯಿರಿ. ಪೂರ್ತಿ ತಂಡವಾದರೆ ಎಂಟು ಜನ ಆ ಗೆರೆಯ ಮೇಲೆ ಒಬ್ಬರು ಅತ್ತ, ಒಬ್ಬರು ಇತ್ತ ಮುಖ ಮಾಡಿ ಕೂರುತ್ತಾರೆ, ಒಂಬತ್ತನೆಯವರು ಬೆನ್ನಟ್ಟುತ್ತಾರೆ. 12 ಮಕ್ಕಳಿದ್ದರೂ ಸಾಕು: ಐವರು ಕೂತು ಒಬ್ಬರು ಬೆನ್ನಟ್ಟಲಿ, ಉಳಿದ ಆರು ಮಂದಿ ಮೂರು ಮೂರರಂತೆ ಓಡಲಿ.

ಇನ್ನು 'ಖೋ' ಕೊಡುವುದು. ಇದಕ್ಕೇ ಒಂದು ವಾರ ಇಡಿ. ಬೆನ್ನಟ್ಟುವವರು ನಡುಗೆರೆ ದಾಟುವಂತಿಲ್ಲ, ಕಂಬ ಮುಟ್ಟುವ ತನಕ ಹಿಂದೆ ತಿರುಗುವಂತಿಲ್ಲ. ಓಡುವವರಿಗೆ ಆ ಕಟ್ಟುಪಾಡಿಲ್ಲ. ಹಾಗಾಗಿ ಎಷ್ಟೇ ಜೋರಾಗಿ ಓಡಿದರೂ ಒಬ್ಬರೇ ಹಿಡಿಯುವುದು ಕಷ್ಟ. ಕೂತವರ ಬೆನ್ನ ಹಿಂದೆ ಬಂದು ಗಟ್ಟಿಯಾಗಿ 'ಖೋ' ಎಂದು ಬೆನ್ನಟ್ಟುವ ಕೆಲಸ ಅವರಿಗೆ ಬಿಟ್ಟುಕೊಡಬೇಕು. ಕೂತವರು ಖೋ ಕೇಳುವ ಮೊದಲೇ ಎದ್ದರೆ ಫೌಲ್. ಕೂತಲ್ಲಿಂದ ಚಿಮ್ಮಿ ಏಳುವ ಈ ಕೆಲಸವೇ ತೊಡೆಗೂ ಮೂಳೆಗೂ ಒಳ್ಳೇ ವ್ಯಾಯಾಮ.

ನಮ್ಮಲ್ಲಿ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಎಲ್ಲರ ಚಪ್ಪಲಿ ಕಾಯುತ್ತಾ ಕೂರುತ್ತಿದ್ದಳು. "ನಂಗೆ ಓಡೋಕೆ ಬರಲ್ಲ" ಎನ್ನುತ್ತಿದ್ದಳು. ಕಂಬದ ಪಕ್ಕ ಕೂರಿಸಿದೆ. ಮೂರನೇ ದಿನ ಖೋ ಸಿಕ್ಕಿತು. ಎದ್ದಳು, ಎರಡೇ ಹೆಜ್ಜೆ, ಕೈ ಚಾಚಿದಳು. ಎಲ್ಲರಿಗಿಂತ ಜೋರಾಗಿ ಓಡುವ ಹುಡುಗನ ಅಂಗಿಯ ಬೆನ್ನಿಗೆ ಐದು ಬೆರಳಿನ ಹಸಿ ಮರಳಿನ ಗುರುತು! ಮರುದಿನ ಎಲ್ಲರಿಗಿಂತ ಮೊದಲು ಬಂದು ಅವಳೇ ಗೆರೆ ಎಳೆಯುತ್ತಿದ್ದಳು. ಮೂಲೆಯಲ್ಲಿ ಸುಮ್ನೆ ಕೂತ ಮಗುವನ್ನು ಮೊದಲು ಕರೆಯಿರಿ ಅನ್ನುವುದು ಅದಕ್ಕೇ.

ಹೆಣ್ಣುಮಕ್ಕಳನ್ನು ಕಳಿಸಲು ಹಿಂಜರಿಯುವ ಮನೆಗೆ ನೀವೇ ಹೋಗಿ ಮಾತಾಡಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ನಮ್ಮ ಕರ್ನಾಟಕದ ಬಿ. ಚೈತ್ರಾ ಇದ್ದರು. ಅದನ್ನು ಹೇಳಿ.

ಕತ್ತಲಾಗುವ ಮುಂಚೆ ನಿಲ್ಲಿಸಿ. ಬೆವರಿದ ಮಕ್ಕಳು ನೇರ ನೀರಿಗೆ ಓಡುತ್ತಾರೆ, ಬಿಡಬೇಡಿ. ಬಂದಾಗ ಎಣಿಸಿದ ತಲೆ, ಹೋಗುವಾಗಲೂ ಎಣಿಸಿ. ಎಣಿಸುವಾಗ ಕೈಗೊಂದು ಲೋಟ ಮುರುಗಲು ಪಾನಕ ಕೊಡಿ, ಬೆಲ್ಲದ ಜೊತೆ ಚಿಟಿಕೆ ಉಪ್ಪು ಹಾಕಿ. ಒಬ್ಬರೂ ಸಾಲು ಬಿಟ್ಟು ಹೋಗುವುದಿಲ್ಲ.