ಐಹೊಳೆಯ ನಡಿಗೆ: ಮೊದಲು ಮನೆ, ಆಮೇಲೆ ಗುಡಿ

ಐಹೊಳೆಗೆ ಬಂದವರನ್ನು ಸೀದಾ ದುರ್ಗದ ಗುಡಿಗೆ ಕರೆದೊಯ್ದರೆ ನಡಿಗೆ ಅಲ್ಲೇ ಕೆಟ್ಟಿತು. ಆನೆಯ ಬೆನ್ನಿನಂಥ ಹಿಂಭಾಗ ಕಂಡ ಕೂಡಲೇ ಎಲ್ಲರೂ ಫೋಟೋಕ್ಕೆ ನಿಲ್ಲುತ್ತಾರೆ, ಒಂದು ತಾಸು ಹೋಗುತ್ತದೆ. ಅದಕ್ಕೇ ನಾನು ಓಣಿಯಿಂದ ಶುರು ಮಾಡುತ್ತೇನೆ. ಬೆಳಿಗ್ಗೆ 7ಕ್ಕೆ, ಎಂಟು ಜನ. ಹತ್ತು ದಾಟಿದರೆ ಪಡಸಾಲೆಯಲ್ಲಿ ನಿಲ್ಲಲು ಜಾಗ ಸಾಲದು.

ಹಳೆಯ ಮನೆ ಒಂದು ನೋಡಿದರೆ ಸಾಕು. ಹಿಂದಿನ ದಿನವೇ ಕೇಳಿಟ್ಟಿದ್ದರೂ ಬಾಗಿಲಲ್ಲಿ ನಿಂತು “ಯಕ್ಕಾ, ಪಡಸಾಲಿ ತನಕ ಬರಬಹುದೇನ್ರಿ?” ಅಂತ ಮತ್ತೊಮ್ಮೆ ಕೇಳಬೇಕು. ಚಪ್ಪಲಿ ಹೊರಗೆ. ಅಡುಗೆಮನೆ, ದೇವರಮನೆಯ ಕಡೆ ಫೋನು ಎತ್ತುವಂತಿಲ್ಲ. ಒಳಗೆ ಬಂದ ಮೇಲೆ ತಲೆ ಎತ್ತಿ ನೋಡಿಸುತ್ತೇನೆ: ಕಂಬ, ಅದರ ನೆತ್ತಿಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡ ಜಂತಿ, ಆಮೇಲೆ ಮಣ್ಣಿನ ಮಾಳಿಗೆ. ಕಂಬದಿಂದ ಕಂಬದ ನಡುವಿನ ಜಾಗ ಅಂಕಣ. ಮನೆ ಎಷ್ಟು ದೊಡ್ಡದು ಅಂದರೆ ಅಂಕಣದ ಲೆಕ್ಕ ಹೇಳುತ್ತಾರೆ.

ಇಷ್ಟು ಕಣ್ಣಲ್ಲಿದ್ದರೆ ಲಾಡಖಾನ್ ಗುಡಿ ತಾನೇ ಬಿಚ್ಚಿಕೊಳ್ಳುತ್ತದೆ. ಅದೇ ಕಂಬ, ಅದೇ ಬೋದಿಗೆ, ಎಲ್ಲ ಕಲ್ಲಿನಲ್ಲಿ. ಚಾವಣಿಗೆ ಇಳಿಜಾರಾಗಿ ಚಪ್ಪಡಿ ಹಾಸಿ, ಎರಡು ಚಪ್ಪಡಿ ಕೂಡುವ ಸಂದಿಯ ಮೇಲೆ ಮರದ ದಿಮ್ಮಿಯ ಹಾಗೆ ಕಡೆದ ಉದ್ದನೆಯ ಕಲ್ಲು ಕೂರಿಸಿದ್ದಾರೆ, ಮಳೆನೀರು ಒಳಗೆ ಇಳಿಯಬಾರದೆಂದು. ಹೊರಗೆ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರೆ ಇದು ಚೆನ್ನಾಗಿ ಕಾಣುತ್ತದೆ; ಹೆಚ್ಚಿನವರು ಒಳಗಿನ ನಂದಿ ನೋಡಿ ಹೊರಟುಬಿಡುತ್ತಾರೆ. ಲಾಡಖಾನ್ ಇಲ್ಲಿ ವಾಸವಿದ್ದವನ ಹೆಸರು. ಪಕ್ಕದ್ದು ಗೌಡರ ಗುಡಿ. ದುರ್ಗದ ಗುಡಿಯೂ ದುರ್ಗೆಯದಲ್ಲ, ಕೋಟೆಗೆ ಸೇರಿದ್ದಕ್ಕೆ ಬಂದ ಹೆಸರು. ಇದನ್ನು ಮೊದಲೇ ಹೇಳದಿದ್ದರೆ ಜನ ಒಳಗೆ ದೇವಿಯನ್ನು ಹುಡುಕುತ್ತಾರೆ. ಆವರಣದ ಮ್ಯೂಸಿಯಂ ಶುಕ್ರವಾರ ತೆರೆದಿರುವುದಿಲ್ಲ.

ಮುಂದೆ ಮೇಗುತಿ, ಗುಡ್ಡದ ಮೇಲಿನ ಜೈನ ಗುಡಿ. ಆ ಗುಡ್ಡಕ್ಕೆ ಒಬ್ಬೊಬ್ಬರಿಗೆ ಒಂದೂವರೆ ಲೀಟರ್ ನೀರು ಬೇಕು. ಮೇಲೆ ನೆರಳು ಕಡಿಮೆ. ಹತ್ತುವಾಗ, ಗುಡಿಗಿಂತ ಸ್ವಲ್ಪ ಕೆಳಗೆ, ಎರಡಂತಸ್ತಿನ ಬೌದ್ಧ ಚೈತ್ಯ (ಪ್ರಾರ್ಥನೆಯ ಮಂದಿರ) ಸಿಗುತ್ತದೆ: ಅರ್ಧ ಬಂಡೆ ಕೊರೆದದ್ದು, ಅರ್ಧ ಕಟ್ಟಿದ್ದು. ಉಸಿರು ಸುಧಾರಿಸಿಕೊಳ್ಳಲು ಅದೇ ಜಾಗ.

ಮೇಗುತಿಯ ಪೂರ್ವದ ಗೋಡೆಯಲ್ಲಿ ಇಮ್ಮಡಿ ಪುಲಿಕೇಶಿಯ ಕಾಲದ ಕವಿ ರವಿಕೀರ್ತಿಯ ಶಾಸನ. ಶಕ 556, ಅಂದರೆ ಕ್ರಿ.ಶ. 634, ಸಂಸ್ಕೃತ ಭಾಷೆ, ಹಳಗನ್ನಡ ಲಿಪಿ, 19 ಸಾಲು. ಇಲ್ಲೇ ಹೆಚ್ಚಿನವರು ಸೋಲುವುದು. ಬೆಳಗಿನ ಬಿಸಿಲು ಗೋಡೆಗೆ ಎದುರಾಗಿ ಬಡಿಯುವಾಗ ಅಕ್ಷರದ ಕುಳಿಗೆ ನೆರಳಿಲ್ಲ, ಬರೀ ಕೆಂಪು ಕಲ್ಲು ಕಾಣುತ್ತದೆ. ಚಳಿಗಾಲದಲ್ಲಿ ಹನ್ನೊಂದರ ಸುಮಾರಿಗೆ ಬಿಸಿಲು ಗೋಡೆ ಸವರಿಕೊಂಡು ಇಳಿಯುತ್ತದೆ, ಆಗ ಅಕ್ಷರ ಏಳುತ್ತವೆ. ಏಪ್ರಿಲ್, ಮೇನಲ್ಲಿ ಅಷ್ಟು ಹೊತ್ತು ಕಾಯುವುದು ಹುಚ್ಚುತನ: ಮೇಗುತಿಯನ್ನೇ ಮೊದಲು ಹತ್ತಬೇಕು. ಒಬ್ಬರು ಕೊಡೆ ಹಿಡಿದು ನೆರಳು ಮಾಡಲಿ, ಇನ್ನೊಬ್ಬರು ಟಾರ್ಚನ್ನು ಗೋಡೆಗೆ ತಾಗಿಸದೆ, ಆದರೆ ಅದಕ್ಕೆ ಸಮನಾಗಿ ಪಕ್ಕದಿಂದ ಹಾಯಿಸಲಿ. ನೀರು ಚಿಮುಕಿಸುವುದು, ಸುಣ್ಣದ ಕಡ್ಡಿ ತಿಕ್ಕುವುದು ಬೇಡವೇ ಬೇಡ. ಮೆತ್ತಗಿನ ಮರಳುಗಲ್ಲು, ಒಮ್ಮೆ ಉದುರಿದ ಅಂಚು ಮತ್ತೆ ಬರದು. ರವಿಕೀರ್ತಿ ತನ್ನನ್ನು ಹೋಲಿಸಿಕೊಂಡ ಕವಿಗಳು ಕಾಳಿದಾಸ, ಭಾರವಿ; ಅವರ ಹೆಸರು ಕೊನೆಯ ಸಾಲುಗಳಲ್ಲಿವೆ. ಟಾರ್ಚು ಅಲ್ಲಿಗೇ ಮೊದಲು ಒಯ್ಯಿರಿ.

ಇಳಿದು ಬಂದ ಮೇಲೆ ಕಾಲಲ್ಲಿ ಕಸುವು ಉಳಿದಿದ್ದರೆ ರಾವಣಫಡಿ, ಬಂಡೆ ಕೊರೆದ ಗುಹೆಯ ಗುಡಿ.