ಜೇಬಿನಿಂದ ಫೋನ್ ತೆಗೆಯುವಷ್ಟರಲ್ಲಿ ಕುರಿ ದಾಟಿ ಹೋದವು

ಶಹಾಪುರದಿಂದ ಕಲಬುರಗಿಗೆ ಗಾಡಿ ಮೇಲೆ ವಾಪಸ್ ಬರುತ್ತಿದ್ದೆ. ಜೇವರ್ಗಿ ಇನ್ನೂ ದೂರ ಇತ್ತು. ಎಡಗಡೆ ಹೊಲದಿಂದ ಕುರಿ ಹಿಂಡೊಂದು ರಸ್ತೆಗೆ ಇಳಿಯಿತು. ಅದರ ಹಿಂದೆ ಮುಳುಗುವ ಸೂರ್ಯ. ಎದ್ದ ಧೂಳೆಲ್ಲ ಮೈಲಾಪುರದ ಜಾತ್ರೆಯಲ್ಲಿ ಭಂಡಾರ ತೂರಿದ ಹಾಗೆ ಹಳದಿ. ನಡುವೆ ಒಬ್ಬ ಮುದುಕ. ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ಎಳೇ ಮರಿ.

ಗಾಡಿ ನಿಲ್ಲಿಸಿ ಸ್ಟ್ಯಾಂಡ್ ಹಾಕಿದೆ. ಫೋನ್ ಪ್ಯಾಂಟಿನ ಜೇಬಿನಲ್ಲಿ, ಕೀಲಿ ಗೊಂಚಲಿನ ಕೆಳಗೆ. ಬೆವರಿದ ಬೆರಳಿಗೆ ಲಾಕ್ ತೆರೆಯಲಿಲ್ಲ. ಪ್ಯಾಟರ್ನ್ ಹಾಕಿದೆ, ತಪ್ಪಾಯಿತು. ಮತ್ತೆ ಹಾಕಿದೆ. ಕ್ಯಾಮೆರಾ ತೆರೆಯಿತು, ಆದರೆ ಸೆಲ್ಫಿ ಕಡೆಗೆ. ಹೆಲ್ಮೆಟ್ಟಿನೊಳಗೆ ನನ್ನದೇ ಮುಖ. ತಿರುಗಿಸಿ ಒತ್ತಿದರೆ ‘ಜಾಗ ಇಲ್ಲ’ ಎಂದಿತು. ಎರಡು ವಿಡಿಯೋ ಅಳಿಸಿ ತಲೆ ಎತ್ತಿದರೆ ರಸ್ತೆ ಖಾಲಿ. ಆ ಸಂಜೆಯದು ಅಂತ ನನ್ನ ಹತ್ತಿರ ಇರುವುದು ಒಂದು ಕಿಲೋಮೀಟರ್ ಕಲ್ಲು ಮತ್ತು ಒಂದಿಷ್ಟು ಹಿಕ್ಕೆಯ ಫೋಟೋ. ಮನೆಯಲ್ಲಿ ತೋರಿಸಿದೆ. ‘ಇದ್ರಾಗ ಕುರಿ ಎಲ್ಲೈತ್ರಿ?’ ಅಂದಳು ಹೆಂಡತಿ.

ನಿಮಗೂ ಹೀಗಾಗಿದೆ ಅಲ್ವಾ? ಬಹಳ ದಿನ ನಾನು ನನ್ನ ನಸೀಬನ್ನೇ ಬೈಯುತ್ತಿದ್ದೆ. ಆಮೇಲೆ ತಪ್ಪಿದ ಫೋಟೋಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ. ಮುಕ್ಕಾಲು ಪಾಲು ತಪ್ಪಿದ್ದು ಕಣ್ಣು ಕಂಡ ಮೇಲಿನ ಹತ್ತು ಸೆಕೆಂಡಿನಲ್ಲಿ. ಆ ಹತ್ತು ಸೆಕೆಂಡನ್ನು ಕಡಿಮೆ ಮಾಡಬಹುದು. ಹೇಗೆ ಅಂತ ಹೇಳುತ್ತೇನೆ.

1. ಮೊದಲು ಸೆಕೆಂಡು ಎಣಿಸಿ

ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೇ ಕರೆಯಿರಿ. ಫೋನ್ ದಿನಾ ಎಲ್ಲಿಡುತ್ತೀರೋ ಅಲ್ಲೇ ಇರಲಿ. ಅವರು ಚಪ್ಪಾಳೆ ಹೊಡೆದ ಕೂಡಲೇ ತೆಗೆದು ಒಂದು ಫೋಟೋ ಹೊಡೆಯಿರಿ. ಅವರು ಜೋರಾಗಿ ಎಣಿಸಲಿ. ನನಗೆ ಮೊದಲ ಸಲ 14 ಸೆಕೆಂಡು ಬೇಕಾಯಿತು. ಆರಾಮಾಗಿ ನಡೆಯುವ ಮನುಷ್ಯನೂ ಅಷ್ಟರಲ್ಲಿ ಹದಿನೈದು ಮೀಟರ್ ದಾಟಿರುತ್ತಾನೆ. ಎಲ್ಲಿ ತಡವಾಗುತ್ತದೆ ನೋಡಿಕೊಳ್ಳಿ. ಕೆಲವರಿಗೆ ಜೇಬಿನಲ್ಲಿ, ಕೆಲವರಿಗೆ ಲಾಕಿನಲ್ಲಿ. ನನ್ನ ಅತ್ತಿಗೆಗೆ ವ್ಯಾನಿಟಿ ಬ್ಯಾಗಿನ ಮೂರು ಜಿಪ್‌ಗಳಲ್ಲಿ.

2. ಇವತ್ತು ರಾತ್ರಿಯೇ ಫೋನ್ ಸರಿ ಮಾಡಿಕೊಳ್ಳಿ

ಲಾಕ್ ತೆಗೆಯದೆಯೇ ಕ್ಯಾಮೆರಾ ತೆರೆಯುವ ದಾರಿ ಈಗಿನ ಬಹುತೇಕ ಸ್ಮಾರ್ಟ್‌ಫೋನುಗಳಲ್ಲಿ ಇದೆ. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಬಟನ್ ಎರಡು ಸಲ ಬೇಗ ಒತ್ತಿದರೆ ಸಾಕು. ಒತ್ತಿದರೂ ಬರದಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಆ ಸೌಲಭ್ಯ ಆನ್ ಮಾಡಬೇಕು. ಐಫೋನಿನಲ್ಲಿ ಲಾಕ್ ಪರದೆಯನ್ನು ಎಡಕ್ಕೆ ಸರಿಸಿದರೆ ಕ್ಯಾಮೆರಾ ಬರುತ್ತದೆ. ಫೋಟೋ ಹೊಡೆಯಲು ವಾಲ್ಯೂಮ್ ಬಟನ್ ಬಳಸಿ. ಬಿಸಿಲಿನಲ್ಲಿ ಪರದೆ ಕಾಣದಿದ್ದಾಗ ಇದರ ಬೆಲೆ ಗೊತ್ತಾಗುತ್ತದೆ. ನಮ್ಮಲ್ಲಿ ವರ್ಷಕ್ಕೆ ಎಂಟು ತಿಂಗಳು ಪರದೆ ಕಾಣುವುದಿಲ್ಲ ಬಿಡಿ.

ಇನ್ನು ಜಾಗ. ವಾಟ್ಸ್ಆ್ಯಪ್‌ನ ಶುಭೋದಯದ ಹೂವು, ಹಬ್ಬದ ಶುಭಾಶಯ, ಯಾರೋ ಕಳಿಸಿದ ಅಡುಗೆ ವಿಡಿಯೋ ಎಲ್ಲ ಅಳಿಸಿ. ಮುಂದೆ ಅವು ತಾವಾಗಿಯೇ ಫೋನಿಗೆ ಇಳಿಯದ ಹಾಗೆ ಬಂದ್ ಮಾಡಿ. ಪ್ರತಿ ಭಾನುವಾರ ಎರಡು ಜಿಬಿಯಾದರೂ ಖಾಲಿ ಇದೆಯಾ ನೋಡಿ.

ಕತ್ತಲಲ್ಲಿ ಹಲವು ಸಲ ಫೋನ್ ತಾನಾಗಿಯೇ ನೈಟ್ ಮೋಡ್‌ಗೆ ಹೋಗುತ್ತದೆ. ಆಗ ಅದು ಒಂದೆರಡು ಸೆಕೆಂಡು ಬೆಳಕು ಕೂಡಿಹಾಕುತ್ತದೆ. ಸುಮ್ನೆ ನಿಂತ ಗುಮ್ಮಟಕ್ಕೆ ಇದು ಚೆನ್ನ. ಓಡುವ ಮಗುವಿಗೆ ಹಾಕಿದರೆ ಹೊಗೆಯೊಂದೇ ಬರುತ್ತದೆ. ಆಫ್ ಮಾಡುವುದು ಎಲ್ಲಿ ಅಂತ ಮೊದಲೇ ಹುಡುಕಿಟ್ಟುಕೊಳ್ಳಿ. ಐಫೋನಿನ ಲೈವ್ ಫೋಟೋ ಒತ್ತುವ ಮೊದಲಿನ ಮತ್ತು ಆಮೇಲಿನ ಒಂದೂವರೆ ಸೆಕೆಂಡನ್ನೂ ಹಿಡಿದಿಡುತ್ತದೆ. ಒತ್ತುವುದು ತಡವಾದರೂ ಹಿಂದಿನ ಫ್ರೇಮ್ ಆರಿಸಬಹುದು. ಹಲವು ಆಂಡ್ರಾಯ್ಡ್ ಫೋನುಗಳಲ್ಲೂ ಮೋಷನ್ ಫೋಟೋ ಎಂಬ ಹೆಸರಿನಲ್ಲಿ ಹೀಗೊಂದು ಇದೆ.

ಲೆನ್ಸ್ ಒರೆಸಿ. ನಮ್ಮ ಧೂಳು, ಅದರ ಮೇಲೆ ಮಿರ್ಚಿ ಭಜಿ ತಿಂದ ಬೆರಳು. ಎದುರು ಬೆಳಕಿನಲ್ಲಿ ಫೋಟೋ ಮಂಜಾಗಲು ಬೇರೆ ಕಾರಣ ಹುಡುಕಬೇಡಿ.

ಕೊನೆಗೆ, ಫೋನಿಗೆ ಒಂದೇ ಜೇಬು. ಅದರಲ್ಲಿ ಬೇರೇನೂ ಬೇಡ.

3. ಕ್ಯಾಮೆರಾ ಇದ್ದವರು ಹೊಂದಿಸಿಯೇ ಒಳಗಿಡಿ

ದೊಡ್ಡ ಕ್ಯಾಮೆರಾ ಕೊಂಡವರ ಗೋಳು ಇನ್ನೂ ಜಾಸ್ತಿ. ಅದು ಬ್ಯಾಗಿನಲ್ಲಿ, ಬ್ಯಾಗ್ ಅಲಮಾರಿಯಲ್ಲಿ. ಹೊರಗೆ ಬಂದರೂ ಹಿಂದಿನ ವಾರದ ಮದುವೆಯ ಸೆಟ್ಟಿಂಗ್ ಹಾಗೇ ಇರುತ್ತದೆ. ಬಿಸಿಲಿಗೆ ಬಂದು ಒತ್ತಿದರೆ ಎಲ್ಲ ಬೆಳ್ಳಗೆ.

ಒಂದು ರೂಢಿ ಮಾಡಿಕೊಳ್ಳಿ. ಒಳಗಿಡುವ ಮೊದಲು ಹೊರಗಿನ ಬೆಳಕಿಗೆ ಹೊಂದಿಸಿಡಿ. ಹಗಲಿಗೆ ಅಪರ್ಚರ್ (ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕು ಅನ್ನುವುದು) ಎಫ್ 8, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನುವುದು) ಆಟೋ, ಶಟರ್ (ಕಿಂಡಿ ಎಷ್ಟು ಹೊತ್ತು ತೆರೆದಿರಬೇಕು ಅನ್ನುವುದು) ಕನಿಷ್ಠ 1/500 ಸೆಕೆಂಡಿನ ವೇಗ. ಓಡುವ ಮಕ್ಕಳಿಗೂ ಎತ್ತಿನ ಬಂಡಿಗೂ ಇದು ಸಾಕು. ಹಾರುವ ಹಕ್ಕಿಗೆ 1/1000 ಅಥವಾ ಅದಕ್ಕಿಂತ ವೇಗ ಬೇಕು. ಎಲ್ಲವನ್ನೂ ಕೈಯಲ್ಲೇ ಹೊಂದಿಸಿ, ಪೂರ್ತಿ ಮ್ಯಾನ್ಯುಯಲ್‌ನಲ್ಲಿ ತೆಗೆಯುವವರಿಗೆ ಹಳಬರ ಒಂದು ಲೆಕ್ಕ ಇದೆ. ನಿಚ್ಚಳ ಬಿಸಿಲಿದ್ದರೆ ಎಫ್ 16 ಇಟ್ಟು, ಐಎಸ್‌ಒ ಎಷ್ಟೋ ಶಟರ್ ಸೆಕೆಂಡಿನ ಅಷ್ಟರಲ್ಲಿ ಒಂದು ಭಾಗ. ಅಂದರೆ ಐಎಸ್‌ಒ 200ಕ್ಕೆ 1/200. ಬೆಳಕು ಅಳೆಯುವ ಮೀಟರ್ ನೋಡುವ ಅಗತ್ಯವೇ ಇಲ್ಲ. ಈ ಲೆಕ್ಕ ಕಂಡುಹಿಡಿದವರು ಮೇ ತಿಂಗಳಲ್ಲಿ ಕಲಬುರಗಿಗೆ ಬಂದಿದ್ದರೋ ಏನೋ!

ಫೋಕಸ್ ಹುಡುಕುವುದರಲ್ಲೂ ಹೊತ್ತು ಹೋಗುತ್ತದೆ. ಅದಕ್ಕೂ ಉಪಾಯ ಇದೆ. ಎಪಿಎಸ್‌ಸಿ ಎಂಬ ಮಧ್ಯಮ ಗಾತ್ರದ ಸೆನ್ಸರಿನ ಸಾಮಾನ್ಯ ಕ್ಯಾಮೆರಾದ ಜೊತೆ 18-55 ಲೆನ್ಸ್ ಬರುತ್ತದಲ್ಲ, ಅದನ್ನು 18ಕ್ಕೆ ತಿರುಗಿಸಿ. ಎಫ್ 8 ಇಡಿ. ಸುಮಾರು ಎರಡು ಮೀಟರ್ ದೂರದ ವಸ್ತುವಿಗೆ ಫೋಕಸ್ ಮಾಡಿ, ಆಟೋಫೋಕಸ್ ಬಂದ್ ಮಾಡಿಬಿಡಿ. ಹೆಚ್ಚುಕಮ್ಮಿ ಒಂದು ಮೀಟರಿನಿಂದ ಹಿಡಿದು ದೂರದ ದಿಬ್ಬದ ತನಕ ಎಲ್ಲ ಸ್ಪಷ್ಟ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಗದ್ದಲದಲ್ಲಿ ನಡೆಯುತ್ತಾ ಎದೆಮಟ್ಟದಿಂದ ಒತ್ತಿದರೂ ಫೋಟೋ ಬರುತ್ತದೆ.

4. ಮೊದಲು ಒಂದು ಹೊಡೆಯಿರಿ

ಹತ್ತಿರ ಹೋಗೋಣ, ಆ ಕಡೆಯಿಂದ ಚೆನ್ನಾಗಿ ಬರುತ್ತೆ, ಆ ವೈರ್ ಅಡ್ಡ ಇದೆ. ಇದೆಲ್ಲ ಎರಡನೇ ಫೋಟೋಗೆ. ಮೊದಲನೆಯದನ್ನು ನಿಂತಲ್ಲೇ ಒತ್ತಿ. ಬೆರಳು ಅಗಲಿಸಿ ಜೂಮ್ ಮಾಡಬೇಡಿ, ಆಮೇಲೆ ಕತ್ತರಿಸಿದರಾಯಿತು. ಗಾಡಿ ಓಡಿಸುತ್ತಾ ಮಾತ್ರ ಬೇಡವೇ ಬೇಡ. ಪಕ್ಕಕ್ಕೆ ನಿಲ್ಲಿಸಿ.

5. ಕೈ ಮೇಲೇಳುವಾಗಲೇ ಒತ್ತಬೇಕು

ಹೋಳಿ ಹುಣ್ಣಿಮೆಯಾದ ಐದನೇ ದಿನ ಕಲಬುರಗಿಯ ಶರಣಬಸವೇಶ್ವರರ ತೇರು. ರಥ ಹೊರಟಾಗ ಜನ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಾರೆ. ಗಾಳಿಯಲ್ಲಿ ಹಣ್ಣು, ಹಿಂದೆ ತೇರು, ಕೆಳಗೆ ಸಾವಿರ ಕೈ. ಈ ಒಂದು ಫೋಟೋಗೆ ನಾನು ನಾಲ್ಕು ವರ್ಷ ಒದ್ದಾಡಿದ್ದೇನೆ. ಹಣ್ಣು ಕಂಡ ಮೇಲೆ ಒತ್ತುತ್ತಿದ್ದೆ. ಕಣ್ಣು ಕಂಡು, ಬೆರಳು ಒತ್ತಿ, ಫೋನ್ ತನ್ನ ಕೆಲಸ ಶುರು ಮಾಡುವ ಹೊತ್ತಿಗೆ ಹಣ್ಣು ಯಾರದೋ ತಲೆ ಮೇಲೆ.

ಐದನೇ ವರ್ಷ ಹಣ್ಣು ನೋಡುವುದನ್ನು ಬಿಟ್ಟು ಭುಜ ನೋಡಿದೆ. ಎಸೆಯುವವನ ಭುಜ ಮೊದಲು ಹಿಂದಕ್ಕೆ ಹೋಗುತ್ತದೆ. ಆಗಲೇ ಬರ್ಸ್ಟ್, ಅಂದರೆ ಒಂದರ ಹಿಂದೊಂದು ಸಾಲಾಗಿ ಫೋಟೋ ಹೊಡೆಯುವುದು, ಶುರು ಮಾಡಬೇಕು. ಐಫೋನಿನಲ್ಲಿ ಶಟರ್ ಗುಂಡಿಯನ್ನು ಎಡಕ್ಕೆ ಎಳೆದು ಹಿಡಿಯಬೇಕು. ಕೆಲವು ಆಂಡ್ರಾಯ್ಡ್‌ಗಳಲ್ಲಿ ಕೆಳಕ್ಕೆ ಎಳೆಯಬೇಕು, ಇನ್ನು ಕೆಲವಲ್ಲಿ ಒತ್ತಿ ಹಿಡಿದರೆ ಸಾಕು. ಮೂವತ್ತು ಫೋಟೋದಲ್ಲಿ ಒಂದು ಒಳ್ಳೆಯದು. ಉಳಿದ ಇಪ್ಪತ್ತೊಂಬತ್ತನ್ನು ಅದೇ ರಾತ್ರಿ ಅಳಿಸಿ, ಇಲ್ಲದಿದ್ದರೆ ಮತ್ತೆ ‘ಜಾಗ ಇಲ್ಲ’.

ಕ್ರಿಕೆಟ್ ಆಡುವ ಹುಡುಗರು, ಬಾವಿಗೆ ಜಿಗಿಯುವವರು, ರೊಟ್ಟಿ ಬಡಿಯುವ ಅಮ್ಮ, ಎಲ್ಲಕ್ಕೂ ಇದೇ ಲೆಕ್ಕ.

6. ಜಾಗ ಹಿಡಿದು ಕೂತು ಕಾಯಿರಿ

ಕಲಬುರಗಿ ಕೋಟೆಯ ಜಾಮಾ ಮಸೀದಿ 1367ರದು. ಬಹುತೇಕ ಮಸೀದಿಗಳಿಗೆ ಇರುವ ತೆರೆದ ಅಂಗಳ ಇದಕ್ಕಿಲ್ಲ. ಪೂರ್ತಿ ಚಾವಣಿ. ಬೆಳಕು ಬರುವುದು ಪಕ್ಕದ ಕಮಾನುಗಳಿಂದ. ಒಳಗೆ ಕತ್ತಲು, ಹೊರಗೆ ಕಣ್ಣು ಕುಕ್ಕುವ ಬಿಸಿಲು. ಯಾರಾದರೂ ಕಮಾನು ದಾಟುವಾಗ ಓಡಿಹೋಗಿ ಫೋಟೋ ಹೊಡೆಯಲು ನೋಡಿದರೆ ಕೆಲಸ ಕೆಡುತ್ತದೆ. ಬೆಳಕು ಹೊಂದಿಸುವುದರೊಳಗೆ ಅವರು ಕಂಬದ ಹಿಂದೆ.

ಹಾಗಾಗಿ ಕಮಾನನ್ನು ಮೊದಲು ಆರಿಸಿಕೊಳ್ಳಿ. ಪರದೆಯಲ್ಲಿ ಬೆಳಕಿರುವ ಭಾಗದ ಮೇಲೆ ಬೆರಳಿಟ್ಟು ಒತ್ತಿ ಹಿಡಿಯಿರಿ. ಫೋಕಸ್, ಬೆಳಕು ಎರಡೂ ಲಾಕ್ ಆಗುತ್ತವೆ. ಇನ್ನು ಫೋನ್ ಅಲುಗಿಸಬೇಡಿ. ಯಾರಾದರೂ ಬರಲಿ. ಶಾಲೆಯಿಂದ ಟ್ರಿಪ್ ಬಂದ ಮಕ್ಕಳು ಬರುತ್ತಾರೆ, ಪಾರಿವಾಳ ಬರುತ್ತದೆ, ಕೆಲವು ದಿನ ಯಾರೂ ಬರುವುದಿಲ್ಲ. ಅರ್ಧ ಗಂಟೆ ತಂಪಲ್ಲಿ ಕೂತ ಹಾಗಾಯಿತು.

7. ತಪ್ಪಿದ್ದನ್ನು ಬರೆದಿಡಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದು. ಒಂದು ಸಣ್ಣ ನೋಟ್‌ಬುಕ್. ಏನು ತಪ್ಪಿತು, ಎಲ್ಲಿ, ಎಷ್ಟು ಗಂಟೆಗೆ, ಬೆಳಕು ಯಾವ ಕಡೆಯಿಂದ. ಇಷ್ಟೇ. ಎರಡು ವರ್ಷ ಬರೆದ ಮೇಲೆ ಗೊತ್ತಾಯಿತು, ತಪ್ಪಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಮತ್ತೆ ಬರುವಂಥವು.

ಬೀದರ್‌ನ ಮಹಮೂದ್ ಗವಾನ್ ಮದರಸಾ ನೋಡಿ. 1472ರ ಕಟ್ಟಡ. ಅದರ ಮಿನಾರಿನ ಬಣ್ಣದ ಹೆಂಚು ತೆಗೆಯಬೇಕೆಂದು ಎರಡು ಸಲ ಮಧ್ಯಾಹ್ನದ ಮೇಲೆ ಹೋದೆ. ಎರಡು ಸಲವೂ ಹೆಂಚು ನೆರಳಿನಲ್ಲಿ ಮಂಕಾಗಿತ್ತು. ‘ಮುಂಭಾಗ ಪೂರ್ವಕ್ಕೆ’ ಅಂತ ಬರೆದುಕೊಂಡು ಮೂರನೇ ಸಲ ಬೆಳಗಿನ ಬಸ್ಸು ಹಿಡಿದೆ. ಎಳೆಬಿಸಿಲಿಗೆ ನೀಲಿ ಎದ್ದು ಬಂತು. ಡಿಸೆಂಬರಿನಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು ಸುಮಾರು ಆರೂಮುಕ್ಕಾಲಿಗೆ, ಮೇ ಕೊನೆಗೆ ಆರಕ್ಕೂ ಮುಂಚೆ. ಇದನ್ನೂ ಬರೆದಿಟ್ಟುಕೊಳ್ಳಿ. ಹುಣ್ಣಿಮೆ ದಿನ ಸೂರ್ಯ ಮುಳುಗುವ ಹೊತ್ತಿಗೇ ಪೂರ್ವದಲ್ಲಿ ಚಂದ್ರ ಏಳುತ್ತಾನೆ. ಕಲಬುರಗಿಯ ಬುದ್ಧ ವಿಹಾರದ ಗುಮ್ಮಟದ ಜೊತೆ ಅವನನ್ನು ಹಿಡಿಯುವ ಆಸೆ ಇದ್ದರೆ ಪಂಚಾಂಗ ನೋಡಿ, ಪಶ್ಚಿಮದ ಕಡೆ ಹೋಗಿ ನಿಲ್ಲಿ.

ಅದೇ ಬೀದರ್‌ನಲ್ಲಿ ಬಿದರಿ ಕೆಲಸ, ಲೋಹದ ಮೇಲೆ ಬೆಳ್ಳಿ ಕೂರಿಸುವ ಕಲೆ. ಹೂಜಿಯನ್ನು ಬಿಸಿ ಮಾಡಿ, ಕೋಟೆಯ ಮಣ್ಣಿಗೆ ನವಸಾಗರ ಎಂಬ ಲವಣ ಸೇರಿಸಿದ ಕೆಸರು ಹಚ್ಚುತ್ತಾರೆ. ಸತು ಹೆಚ್ಚಿರುವ ಲೋಹ ಕಪ್ಪಾಗುತ್ತದೆ. ಬೆಳ್ಳಿ ಹಾಗೇ ಉಳಿಯುತ್ತದೆ. ಕೆಸರು ಒರೆಸಿದಾಗ ಕಪ್ಪಿನ ನಡುವೆ ಬೆಳ್ಳಿ ಬಳ್ಳಿ ಥಟ್ಟನೆ ಕಾಣುತ್ತದೆ. ಆ ಗಳಿಗೆಯಲ್ಲಿ ನಾನು ಚಹಾ ಕುಡಿಯುತ್ತಿದ್ದೆ. ಪೇಚಾಡುತ್ತಿದ್ದಾಗ ಕುಶಲಕರ್ಮಿ ನಕ್ಕು, ‘ಗುರುವಾರ ಇನ್ನೂ ಆರು ಅವ ರೀ’ ಅಂದ. ಮುಂಚೆಯೇ ಕೇಳಿದ್ದರೆ ಮುಗಿದಿತ್ತು. ಒಂದು ಎಚ್ಚರಿಕೆ. ಕಪ್ಪು ಜಾಸ್ತಿ ಇರುವ ವಸ್ತು ಕಂಡರೆ ಕ್ಯಾಮೆರಾ ಮೋಸ ಹೋಗಿ ಬೆಳಕು ಏರಿಸುತ್ತದೆ. ಕಪ್ಪು ಬೂದಿಯಾಗುತ್ತದೆ, ಬೆಳ್ಳಿ ಸುಣ್ಣವಾಗುತ್ತದೆ. ಬೆಳ್ಳಿ ಮೇಲೆ ಬೆರಳಿಟ್ಟು ಬೆಳಕನ್ನು ಸ್ವಲ್ಪ ಇಳಿಸಿ.

ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವುದು, ತೊಗರಿ ಹಳದಿ ಹೂ ಬಿಡುವುದು ಎಲ್ಲ ವರ್ಷಕ್ಕೊಮ್ಮೆ ಬರುತ್ತವೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮಗುವಿನ ಮೊದಲ ಹೆಜ್ಜೆಯಂಥವಕ್ಕೆ ಗುರುತು ಹಾಕಲು ಬರುವುದಿಲ್ಲ. ಅಲ್ಲಿ ಫೋನ್ ಹುಡುಕದೆ ಎರಡೂ ಕೈ ಚಾಚುವುದೇ ಸರಿ ಅಂತ ನನ್ನ ಅಭಿಪ್ರಾಯ. ಮಗು ಬಿದ್ದರೆ?

8. ‘ಒಂದು ಫೋಟೋ ತೆಗೀಲೇನ್ರಿ?’

ಕೆಲವು ಫೋಟೋ ತಪ್ಪುವುದು ಸಂಕೋಚಕ್ಕೆ. ಫೋನ್ ಕೈಯಲ್ಲೇ ಇರುತ್ತದೆ, ಬೆಳಕು ಚೆನ್ನಾಗಿರುತ್ತದೆ, ಕೇಳಲು ನಾಚಿಕೆ. ಕೇಳಿಬಿಡಿ. ನಮ್ಮ ಕಡೆ ಬೇಡ ಅನ್ನುವವರು ಕಡಿಮೆ. ಬೇಡ ಅಂದರೆ ನಮಸ್ಕಾರ ಹೇಳಿ ಮುಂದೆ ಹೋಗಿ. ದರ್ಗಾ, ಗುಡಿಗಳ ಒಳಗೆ ಮೊದಲು ಅಲ್ಲಿಯವರನ್ನು ವಿಚಾರಿಸಿ.

ಹೂಂ ಅಂದವರು ತಕ್ಷಣ ಅಂಗಿ ಜಗ್ಗಿಕೊಂಡು ಆಧಾರ್ ಕಾರ್ಡಿಗೆ ನಿಂತ ಹಾಗೆ ನಿಲ್ಲುತ್ತಾರೆ. ಅದನ್ನೂ ತೆಗೆಯಿರಿ, ಅವರಿಗೆ ತೋರಿಸಿ. ನೋಡಿ ಖುಷಿಯಾಗಿ ಮತ್ತೆ ಕೆಲಸಕ್ಕೆ ತಿರುಗುತ್ತಾರೆ. ನಿಮಗೆ ಬೇಕಾದದ್ದು ಆಗ ಸಿಗುತ್ತದೆ.

ಕುರಿಗಳ ಬಗ್ಗೆಯೂ ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ಅಲ್ಲಿಯ ರೈತರನ್ನು ಕೇಳಿದೆ. ರಾಶಿ ಮುಗಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಾರೆ, ಮುಂದಿನ ಸಲ ಫೆಬ್ರುವರಿ ಮುಗಿಯುವಾಗ ಬನ್ನಿ ಎಂದರು. ಹೋದೆ. ಸೂರ್ಯ ಅಲ್ಲೇ ಇದ್ದ, ಧೂಳೂ ಎದ್ದಿತು. ಫೋನ್ ಮೂರು ಸೆಕೆಂಡಿನಲ್ಲಿ ಕೈಗೆ ಬಂತು. ಆದರೆ ಇದು ಬೇರೆ ಹಿಂಡು. ಮುದುಕನ ಬದಲು ಕಿವಿಗೆ ಇಯರ್‌ಫೋನ್ ಹಾಕಿಕೊಂಡ ಒಬ್ಬ ಹುಡುಗ. ಬರ್ಸ್ಟ್ ಮುಗಿಸಿ ತೋರಿಸಿದೆ. ಅವನಿಗೆ ಅದ್ಯಾವುದೂ ಹಿಡಿಸಲಿಲ್ಲ. ‘ಕುರಿ ದಿನಾ ನೋಡ್ತೀನ್ರಿ. ನಿಮ್ಮ ಗಾಡಿ ಮ್ಯಾಲ ಕೂತು ನಂದೊಂದು ಹೊಡೀರಿ’ ಅಂದ. ನನ್ನ ಹೆಲ್ಮೆಟ್ ಹಾಕಿಕೊಂಡು, ಮರಿಯೊಂದನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಕೂತ. ಅವನ ನಂಬರಿಗೆ ಅಲ್ಲೇ ಕಳಿಸಿದೆ. ಊರು ಮುಟ್ಟುವಷ್ಟರಲ್ಲಿ ಅದು ಅವನ ಡಿಪಿ ಆಗಿತ್ತು.