ಸಂಗೀತ ತರಗತಿ: ಯಾರನ್ನು ಯಾವ ಗುಂಪಿನಲ್ಲಿ ಕೂಡಿಸುವುದು, ಯಾರಿಗೆ ಯಾವ ಗುಂಪು ಕೊಡುವುದು

ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಬೆಳಗಾವಿಯ ಸಂಗೀತ ತರಗತಿಗಳಿಗೆ ಹೊಸ ಮಕ್ಕಳು ಬರುತ್ತಾರೆ. ಪಾಲಕರ ಮೊದಲ ಮಾತು ಸಾಮಾನ್ಯವಾಗಿ ಎರಡೇ ಬಗೆ. "ಏಳನೇತ್ತಾ ಅದಾಳ್ರೀ, ದೊಡ್ಡವರ ಜೋಡಿ ಕೂಡಸ್ರಿ" ಅಥವಾ "ಪ್ರವೇಶಿಕಾ ಪೂರ್ಣ ಪಾಸಾಗೇತ್ರೀ, ಮಧ್ಯಮಾದಾಗ ತಗೋತೀರಲ್ಲಾ?" ಪ್ರವೇಶಿಕಾ, ಮಧ್ಯಮಾ ಎಂಬವು ಸಂಗೀತ ಪರೀಕ್ಷೆಯ ಮೆಟ್ಟಿಲುಗಳು. ಹಿಂದೂಸ್ತಾನಿ ಗಾಯನದ ಗುಂಪುಗಳನ್ನು ಮಾಡುವಾಗ ನಾನು ಶಾಲೆಯ ತರಗತಿ, ಪರೀಕ್ಷೆಯ ಪತ್ರ ಎರಡನ್ನೂ ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ಮೂರು: ಕಂಠದ ಷಡ್ಜ (ಸಾ, ಹಾಡಿನ ಆಧಾರ ಸ್ವರ) ಎಲ್ಲಿ ನಿಲ್ಲುತ್ತದೆ, ಕಿವಿ ಸ್ವರವನ್ನು ಎಷ್ಟು ಬೇಗ ಹಿಡಿಯುತ್ತದೆ, ಲಯ ತಾನಾಗಿ ನಿಲ್ಲುತ್ತದೆಯೋ ಇಲ್ಲವೋ. ಒಬ್ಬರಿಗೆ ಹದಿನೈದು ನಿಮಿಷ ಸಾಕು. ತಂಬೂರಿ ಮಾತ್ರ ನುಡಿಯುತ್ತಿರಬೇಕು, ಹಾರ್ಮೋನಿಯಂ ಮುಚ್ಚಿರಬೇಕು.

ಶುರುವಿಗೆ ತಂಬೂರಿಯೂ ಬೇಡ. ಮಗು ತನಗೆ ಬರುವ ಯಾವುದಾದರೂ ಹಾಡನ್ನು ತನ್ನ ಶ್ರುತಿಯಲ್ಲೇ ಹೇಳಲಿ. ವಚನ, ಅಭಂಗ, ಸಿನಿಮಾ ಹಾಡು, ರಾಷ್ಟ್ರಗೀತೆ ಯಾವುದಾದರೂ ಆದೀತು. ಅದು ಸಹಜವಾಗಿ ಎಲ್ಲಿ ಶುರುಮಾಡಿತು ಎಂಬುದನ್ನು ಗುರುತು ಮಾಡಿಕೊಳ್ಳಬೇಕು. ಆಮೇಲೆ 'ಆ'ಕಾರದಲ್ಲಿ ಒಂದೊಂದೇ ಪಟ್ಟಿ (ಹಾರ್ಮೋನಿಯಂನ ಒಂದು ಕೀಲಿಯಷ್ಟು) ಕೆಳಗೆ ಇಳಿಸುತ್ತಾ ಹೋಗಬೇಕು. ಕಪ್ಪು ಬಿಳಿ ಎರಡನ್ನೂ ಸೇರಿಸಿ ಎಣಿಸಬೇಕು. ಉಸಿರಿನ ಸದ್ದಾಗದೆ ಸ್ಪಷ್ಟವಾಗಿ ಬರುವ ಕೊನೆಯ ಸ್ವರವೇ ದೊಡ್ಡವರಿಗೆ ಮಂದ್ರ ಪಂಚಮ (ಕೆಳಗಿನ ಸಪ್ತಕದ ಪ). ಅಲ್ಲಿಂದ ಐದು ಪಟ್ಟಿ ಮೇಲೆ ಸಾ. ಆ ಸಾ ಇಟ್ಟುಕೊಂಡು ತಾರ ಗಾಂಧಾರದವರೆಗೆ (ಮೇಲಿನ ಸಪ್ತಕದ ಗ) ಕುತ್ತಿಗೆಯ ನರ ಬಿಗಿಯದೆ ಹೋಗಲು ಬಂದರೆ ಲೆಕ್ಕ ಸರಿ. ಗಂಡಸರಲ್ಲಿ ಇದು ಬಹುಮಟ್ಟಿಗೆ ಕಾಳಿ 1ರ (ಸಪ್ತಕದ ಮೊದಲ ಕಪ್ಪು ಪಟ್ಟಿ) ಆಸುಪಾಸಿನಲ್ಲಿ, ಹೆಂಗಸರಲ್ಲಿ ಕಾಳಿ 4ರ ಆಸುಪಾಸಿನಲ್ಲಿ ಬರುತ್ತದೆ. ಹನ್ನೊಂದರ ಒಳಗಿನ ಮಕ್ಕಳಿಂದ ಮಂದ್ರ ಕೇಳಬಾರದು. ಅವರ ಕೆಳಗಿನ ಸ್ಪಷ್ಟ ಸ್ವರದಿಂದ ಒಂದೆರಡು ಪಟ್ಟಿ ಮೇಲೆ ಸಾ ಇಟ್ಟರೆ ಸಾಕು. ಹೆಣ್ಣುಮಕ್ಕಳಿರಲಿ, ಗಂಡುಮಕ್ಕಳಿರಲಿ, ಹೆಚ್ಚಿನವರು ಕಾಳಿ 4 ಅಥವಾ 5ಕ್ಕೆ ಬಂದು ನಿಲ್ಲುತ್ತಾರೆ.

ಇನ್ನು ಕಿವಿ. ಪರೀಕ್ಷಿಸುವವರು ಸ್ವರದ ಹೆಸರು ಹೇಳದೆ ಒಂದೊಂದೇ ಸ್ವರ ಹಾಡಬೇಕು: ಸಾ, ಪ, ತಾರ ಸಾ, ಗ, ರಿ. ಕೂಡಲೇ ಹಿಡಿದರೆ 2, ಜಾರುತ್ತಾ ಬಂದು ಸೇರಿದರೆ 1, ಸೇರದಿದ್ದರೆ 0. ನಂತರ ಸಣ್ಣ ತುಣುಕುಗಳು: ಸಾ ರಿ ಗ, ಸಾ ಗ ಪ, ಪ ಗ ರಿ ಸಾ. ಅದಾದ ಮೇಲೆ ಗಾಂಧಾರವನ್ನು ಕೋಮಲ ಮಾಡಿ (ಒಂದು ಪಟ್ಟಿ ಇಳಿಸಿ) ಅದೇ ತುಣುಕು. ಕೋಮಲ ಗಾಂಧಾರಕ್ಕೆ ತಾನಾಗಿ ಹೊಂದಿಕೊಳ್ಳುವ ಮಗುವನ್ನು ಆರಂಭದ ಗುಂಪಿನಲ್ಲಿ ಕೂಡಿಸಿ ಸಾ ರಿ ಗ ಮ ಹೇಳಿಸುತ್ತಾ ಕಾಲ ಕಳೆಯುವುದು ಅದಕ್ಕೆ ಅನ್ಯಾಯ.

ಸೊನ್ನೆ ಬಂದ ಮಗುವನ್ನು 'ಸೂರಿಲ್ಲ' (ಸ್ವರಜ್ಞಾನವಿಲ್ಲ) ಎಂದು ಅಲ್ಲಿಗೇ ಬರೆದು ಮುಗಿಸುವವರು ಇದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಎರಡು ಸ್ವರ ನುಡಿಸಿ ಯಾವುದು ಮೇಲಿನದು ಎಂದು ಕೇಳಬೇಕು. ಸರಿಯಾಗಿ ಹೇಳಿತೆಂದರೆ ಕಿವಿ ನೆಟ್ಟಗಿದೆ, ಕಂಠ ಇನ್ನೂ ದಾರಿ ಕಂಡುಕೊಂಡಿಲ್ಲ ಅಷ್ಟೇ. ಬಹಳ ಸಲ ಕಾರಣ ಇನ್ನೂ ಸರಳ: ನಾವು ಹಾಡಿ ತೋರಿಸಿದ ಸ್ವರ ಆ ಮಗುವಿನ ಕಂಠದ ವ್ಯಾಪ್ತಿಯಲ್ಲೇ ಇರುವುದಿಲ್ಲ. ಮಗುವೇ ಒಂದು ಸ್ವರ ಹಾಡಲಿ, ನಾವು ಅದಕ್ಕೆ ಸೇರಬೇಕು. ಅಲ್ಲಿಂದ ಒಂದು ಪಟ್ಟಿ ಮೇಲೆ, ಒಂದು ಪಟ್ಟಿ ಕೆಳಗೆ ಕರೆದುಕೊಂಡು ಹೋದರೆ ಸೊನ್ನೆಯವರಲ್ಲಿ ಎಷ್ಟೋ ಮಂದಿ ಹಿಂದೆಯೇ ಬರುತ್ತಾರೆ.

ಲಯಕ್ಕೆ ತೀನತಾಲ ಸಾಕು. ಹದಿನಾರು ಮಾತ್ರೆ, 1, 5, 13ಕ್ಕೆ ಚಪ್ಪಾಳೆ, 9ಕ್ಕೆ ಖಾಲಿ (ಚಪ್ಪಾಳೆಯಿಲ್ಲದೆ ಕೈ ಬೀಸುವುದು). ಎರಡು ಆವರ್ತನ ಜೊತೆಗೆ ಹೇಳಿಸಿ, ಮೂರನೆಯದರಲ್ಲಿ ಎಂಟು ಮಾತ್ರೆ ನಾವು ಸುಮ್ಮನಾಗಬೇಕು. ಖಾಲಿಯ ಹೊತ್ತಿಗೆ ಮಗು ಎಲ್ಲಿದೆ ಎಂಬುದೇ ಉತ್ತರ. ಓಡುವವರು ಬೇಗ ತಿದ್ದಿಕೊಳ್ಳುತ್ತಾರೆ. ನಿಂತು ಬಿಡುವವರಿಗೆ ಹೆಚ್ಚು ಕಾಲ ಬೇಕು.

ಈಗ ಪ್ರಮಾಣಪತ್ರ. ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆಗಳ ಬಗ್ಗೆ ನಮ್ಮ ಭಾಗದಲ್ಲಿ ದೊಡ್ಡ ಗೌರವವಿದೆ, ಇರಬೇಕು ಕೂಡ. ಆ ಪರಂಪರೆಯ ಮೂಲಪುರುಷ ವಿಷ್ಣು ದಿಗಂಬರ ಪಲುಸ್ಕರರು ಹುಟ್ಟಿದ ಕುರುಂದವಾಡ ನಮ್ಮ ಗಡಿಯ ಆಚೆಗೇ ಇದೆ. ಪ್ರಾರಂಭಿಕದಿಂದ ಅಲಂಕಾರದವರೆಗಿನ ಮೆಟ್ಟಿಲುಗಳು ವಿದ್ಯಾರ್ಥಿಗೆ ಒಂದು ಗುರಿ ಕೊಡುತ್ತವೆ. ಆದರೆ ಆ ಪತ್ರ ಹೇಳುವುದು ಅಂದು ಆ ಬಂದಿಶ್‌ಗಳು (ರಾಗದ ರಚನೆಗಳು) ಬರುತ್ತಿದ್ದವು ಎಂದು. ಹಾಗಾಗಿ ಪತ್ರ ತಂದವರಿಗೆ ಎರಡು ಕೆಲಸ ಕೊಡುತ್ತೇನೆ. ಅವರಿಗೆ ಇಷ್ಟವಾದ ರಾಗದಲ್ಲಿ ವಹಿ ನೋಡದೆ ಎರಡು ನಿಮಿಷ ಆಲಾಪ. ಆಮೇಲೆ ಸಾ ಎರಡು ಪಟ್ಟಿ ಕೆಳಗೆ ಇಳಿಸಿ ಅದೇ ರಾಗ. ಹಾರ್ಮೋನಿಯಂ ಜೊತೆಗೇ ಕಲಿತವರು ಇಲ್ಲಿ ತಡವರಿಸುತ್ತಾರೆ. ಬೆಳಗಾವಿ ಹಾರ್ಮೋನಿಯಂ ವಾದಕ ರಾಮಭಾವು ವಿಜಾಪುರೆಯವರ ಊರು, ಇಲ್ಲಿನ ಹಾರ್ಮೋನಿಯಂ ಕೈ ಅಷ್ಟು ಸೊಗಸು. ಅದಕ್ಕೇ ಅಪಾಯವೂ ಇಲ್ಲಿ ಹೆಚ್ಚು: ಪ್ರತಿ ಸ್ವರವನ್ನೂ ಪೆಟ್ಟಿಗೆ ಮೊದಲು ಹೇಳಿಕೊಟ್ಟರೆ ಹಾಡುವವರ ಕಿವಿ ಹುಡುಕುವ ಕೆಲಸ ಬಿಟ್ಟುಬಿಡುತ್ತದೆ. ಇಂಥವರಿಗೆ ರಾಗಗಳ ಮಟ್ಟ ಮಧ್ಯಮಾದ್ದೇ ಇರಲಿ, ವಾರಕ್ಕೊಂದು ದಿನ ಮಾತ್ರ ಕೆಳಗಿನ ಗುಂಪಿನ ಸ್ವರಾಭ್ಯಾಸದಲ್ಲಿ ಬರೀ ತಂಬೂರಿಗೆ ಕೂಡಿಸುತ್ತೇನೆ.

ವರ್ಗವಾಗಿ ಬೆಂಗಳೂರು, ಮೈಸೂರಿನ ಕಡೆಯಿಂದ ಬರುವ ಮಕ್ಕಳು ಕರ್ನಾಟಕ ಪದ್ಧತಿಯಲ್ಲಿ ಒಂದೆರಡು ವರ್ಷ ಕಲಿತಿರುತ್ತಾರೆ. ಅವರನ್ನು ಸೊನ್ನೆಯಿಂದ ಶುರುಮಾಡಿಸಬಾರದು. ಕಿವಿ, ತಾಳ ಎರಡೂ ತಯಾರಾಗಿರುತ್ತವೆ. ಆದರೆ ಅವರ ಶುದ್ಧ ರಿಷಭ ನಮ್ಮ ಕೋಮಲ ರಿಷಭ, ಶುದ್ಧ ಧೈವತ ನಮ್ಮ ಕೋಮಲ ಧೈವತ. ಇದನ್ನು ಮೊದಲ ದಿನವೇ ಬಿಡಿಸಿ ಹೇಳದಿದ್ದರೆ ಸರಿಯಾಗಿ ಹಾಡುವ ಮಗುವೂ ತಪ್ಪುತ್ತಿದ್ದೇನೆ ಎಂದುಕೊಳ್ಳುತ್ತದೆ. ಮೋಹನ ಬಂದವರಿಗೆ ಭೂಪ, ಕಲ್ಯಾಣಿ ಬಂದವರಿಗೆ ಯಮನ್, ಮಾಯಾಮಾಳವಗೌಳ ಬಂದವರಿಗೆ ಭೈರವ್ ಕೊಟ್ಟು ರಾಗ ಹಿಡಿದವರ ಗುಂಪಿನಲ್ಲೇ ಕೂಡಿಸಬಹುದು. ಗಮಕದ (ಸ್ವರವನ್ನು ಆಡಿಸುವ) ರೂಢಿ ಬಿಟ್ಟು ಸ್ವರವನ್ನು ನೇರವಾಗಿ ನಿಲ್ಲಿಸಲು ಒಂದು ಹಂಗಾಮು ಬೇಕಾಗುತ್ತದೆ.

ಗುಂಪು ಕಟ್ಟುವಾಗ ನನ್ನ ಒಂದೇ ಬಿಗಿ ನಿಯಮ: ಒಂದು ಗುಂಪಿನೊಳಗೆ ಸಾ ಒಂದು ಪಟ್ಟಿಗಿಂತ ಹೆಚ್ಚು ಆಚೀಚೆ ಆಗಬಾರದು. ಮಟ್ಟದಲ್ಲಿ ಸ್ವಲ್ಪ ಹೆಚ್ಚು ಕಡಿಮೆಯಿದ್ದರೆ ನಡೆಯುತ್ತದೆ, ಶ್ರುತಿಯಲ್ಲಿ ನಡೆಯುವುದಿಲ್ಲ. ಆರಂಭದವರು ಆರರಿಂದ ಎಂಟು ಮಂದಿ, 45 ನಿಮಿಷ, ವಾರಕ್ಕೆ ಎರಡು ಸಲ. ರಾಗ ಹಿಡಿದವರು ನಾಲ್ಕೈದು ಮಂದಿ. ಖ್ಯಾಲ್ ವಿಸ್ತಾರಕ್ಕೆ ಬಂದವರು ಇಬ್ಬರು ಮೂವರು, ಒಂದು ತಾಸು. ಅಕ್ಕ ತಮ್ಮ ಇಬ್ಬರೂ ಬರುತ್ತಿದ್ದರೆ ಒಂದೇ ಹೊತ್ತಿಗೆ ಎರಡು ಕೋಣೆಯಲ್ಲಿ ಕೂಡಿಸಬೇಕು. ಮನೆಯವರಿಗೆ ಎರಡು ಸಲ ಓಡಾಟ ತಪ್ಪುತ್ತದೆ, ತಮ್ಮ ಅಕ್ಕನ ದನಿಯ ಹಿಂದೆ ಅಡಗುವುದೂ ತಪ್ಪುತ್ತದೆ.

ಶಿಕ್ಷಕರನ್ನು ಹಂಚುವಾಗಲೂ ಶ್ರುತಿಯೇ ಮೊದಲು. ಕಾಳಿ 1ರ ಗಂಡಸಿಗೆ ಕಾಳಿ 5ರ ಸಾ ಎಂದರೆ ತನ್ನ ಲೆಕ್ಕದಲ್ಲಿ ಧೈವತ. ಮಕ್ಕಳ ತಾರ ಸಾ ಅವರಿಗೆ ಎಟುಕುವ ಮಾತೇ ಇಲ್ಲ. ಆಗ ಅವರು ಒಂದು ಸಪ್ತಕ ಕೆಳಗೆ ಹಾಡುತ್ತಾರೆ, ಮಕ್ಕಳು ಆ ದಪ್ಪ ದನಿಯನ್ನೇ ಅನುಕರಿಸಲು ಹೋಗಿ ಗಂಟಲು ಒತ್ತಿ ಗೊಗ್ಗರಾಗುತ್ತಾರೆ. ಆದ್ದರಿಂದ ಚಿಕ್ಕ ಮಕ್ಕಳ ಗುಂಪು ಸಾಧ್ಯವಾದಷ್ಟೂ ಶಿಕ್ಷಕಿಯರಿಗೆ. ಅವರ ಸಾ, ಮಕ್ಕಳ ಸಾ ಹತ್ತಿರ ಹತ್ತಿರ ಇರುತ್ತವೆ. ಗಂಡಸರೇ ಕಲಿಸಬೇಕಾದರೆ ಹಾಡಿ ತೋರಿಸಲು ಹಿರಿಯ ಗುಂಪಿನ ಒಬ್ಬ ಹುಡುಗಿ ಪಕ್ಕದಲ್ಲಿ ಕೂಡಬೇಕು.

ಹೊಸ ಶಿಕ್ಷಕರಿಗೆ ಆರಂಭದ ಗುಂಪು, ಹಿರಿಯ ಶಿಕ್ಷಕರಿಗೆ ಮೇಲಿನ ಗುಂಪು ಎಂಬ ಪದ್ಧತಿ ಎಲ್ಲ ಕಡೆ ಇದೆ. ನಾನು ತಿರುವುಮುರುವು ಮಾಡುತ್ತೇನೆ. ಮೊದಲ ಆರು ತಿಂಗಳಲ್ಲಿ ಕೂತ ತಪ್ಪು ಶ್ರುತಿ, ತಪ್ಪು ಉಸಿರು ಬಿಡಿಸುವುದು ಆಮೇಲೆ ಬಹಳ ಕಷ್ಟ. ಅದನ್ನು ತಡೆಯಲು ಅನುಭವಸ್ಥ ಕಿವಿಯೇ ಬೇಕು. ಹೊಸ ಶಿಕ್ಷಕರಿಗೆ ನಾಲ್ಕು ಮಕ್ಕಳನ್ನು ಕೊಟ್ಟು ಇಪ್ಪತ್ತು ನಿಮಿಷ ನೋಡಿದರೆ ತಿಳಿಯುತ್ತದೆ: ತಾವು ಹಾಡುವುದು ಎಷ್ಟು, ಮಕ್ಕಳನ್ನು ಕೇಳುವುದು ಎಷ್ಟು? "ಮತ್ತೊಮ್ಮೆ ಹೇಳವ್ವಾ" ಎಂದಷ್ಟೇ ಹೇಳುತ್ತಾರೋ, "ಗಾಂಧಾರ ಸ್ವಲ್ಪ ಇಳೀತು ನೋಡವ್ವಾ" ಎಂದು ತಪ್ಪು ಎಲ್ಲಿದೆ ಎಂದು ತೋರಿಸುತ್ತಾರೋ? ಎರಡನೆಯವರಿಗೆ ನಾನು ಯಾವ ಗುಂಪನ್ನಾದರೂ ಕೊಟ್ಟೇನು.

ತಬಲಾದವರ ಹಂಚಿಕೆ ವೇಳಾಪಟ್ಟಿಯನ್ನೇ ಬದಲಿಸುತ್ತದೆ. ಕಾಳಿ 1ಕ್ಕೆ ಸುಮಾರು ಐದೂವರೆ ಇಂಚಿನ ಮುಖದ ತಬಲಾ ಬೇಕು, ಕಾಳಿ 4ಕ್ಕೆ ಸುಮಾರು ಐದು ಇಂಚು. ಒಂದೇ ತಬಲಾವನ್ನು ಎರಡಕ್ಕೂ ಎಳೆದರೆ ಪುಡಿ (ಮುಖದ ಚರ್ಮ) ಹರಿಯುತ್ತದೆ. ಹಾಗಾಗಿ ಕಾಳಿ 4ರ ಗುಂಪುಗಳೆಲ್ಲ ಒಂದು ದಿನ, ಕಾಳಿ 1ರವು ಇನ್ನೊಂದು ದಿನ. ಬೆಳಗಾವಿಯ ಮಳೆಗಾಲದಲ್ಲಿ ತೇವಕ್ಕೆ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತಲೇ ಇರುತ್ತದೆ. ಎರಡು ಗುಂಪಿನ ನಡುವೆ ಹತ್ತು ನಿಮಿಷ ಬಿಡಲೇಬೇಕು.

ಗುಂಪು ಸರಿ ಕೂತಿದೆಯೇ ಎಂಬುದು ನಾಲ್ಕನೇ ವಾರಕ್ಕೆ ಗೊತ್ತಾಗುತ್ತದೆ. ಉಳಿದವರಿಗಿಂತ ಅರ್ಧ ಮಾತ್ರೆ ತಡವಾಗಿ ಹಾಡುವ ಮಗು ಪಕ್ಕದವರನ್ನು ಕೇಳಿ ಹಾಡುತ್ತಿದೆ ಎಂದರ್ಥ. ಅದನ್ನೇ ಮೊದಲು ಎತ್ತಿಕೊಳ್ಳಲು ಹೇಳಿದರೆ ತಿಳಿಯುತ್ತದೆ. ಬದಲಿಸುವುದಿದ್ದರೆ ಆಗಲೇ ಬದಲಿಸಬೇಕು. ಪರೀಕ್ಷೆಗಳು ಏಪ್ರಿಲ್-ಮೇ ಮತ್ತು ನವೆಂಬರ್-ಡಿಸೆಂಬರ್‌ನಲ್ಲಿ ಬರುವುದರಿಂದ ಮಾರ್ಚ್, ಅಕ್ಟೋಬರ್‌ನಲ್ಲಿ ಯಾರನ್ನೂ ಕದಲಿಸಬಾರದು. ಗುಂಪುಗಳಿಗೆ ಒಂದು, ಎರಡು ಎಂದು ಹೆಸರಿಡದೆ ಮಂಗಳವಾರದ ಗುಂಪು, ಶುಕ್ರವಾರದ ಗುಂಪು ಎನ್ನುವುದು ಒಳ್ಳೆಯದು. ಒಪ್ಪದ ಪಾಲಕರಿಗೆ ವಾದ ಬೇಡ. "ಹತ್ತು ನಿಮಿಷ ಕೂತು ಕೇಳ್ರಿ ಅಕ್ಕಾರ" ಎಂದು ತರಗತಿಯಲ್ಲೇ ಕೂಡಿಸಿದರೆ ಅವರಿಗೇ ಕೇಳಿಸುತ್ತದೆ.

ಹನ್ನೆರಡರಿಂದ ಹದಿನೈದರ ಹುಡುಗರ ವಿಷಯ ಬೇರೆ. ದನಿ ಒಡೆಯುವಾಗ ಕಂಠ ಹೆಚ್ಚುಕಡಿಮೆ ಒಂದು ಸಪ್ತಕ ಇಳಿಯುತ್ತದೆ, ನಿನ್ನೆ ಬಂದ ಸ್ವರ ಇವತ್ತು ಬರುವುದಿಲ್ಲ. ಎಷ್ಟೋ ಒಳ್ಳೆಯ ಹುಡುಗರು ಈ ಹೊತ್ತಿನಲ್ಲೇ ನಾಚಿಕೆಗೆ ಬಿಟ್ಟುಹೋಗುತ್ತಾರೆ, ಅದು ಆಗಬಾರದು. ಆರು ವಾರಕ್ಕೊಮ್ಮೆ ಸಾ ಮತ್ತೆ ನೋಡಬೇಕು. ಕಾಳಿ 5ರಿಂದ 3ಕ್ಕೆ, 2ಕ್ಕೆ, ಕೊನೆಗೆ 1ಕ್ಕೆ ಇಳಿಯುತ್ತಾ ಬರುತ್ತದೆ. ಅಲ್ಲಿಯವರೆಗೆ ತಾರ ಸಪ್ತಕ ಬೇಡ, ಜೋರು ತಾನ್ ಬೇಡ. ಮಧ್ಯ ಸಪ್ತಕದ ಮೆಲು ಅಭ್ಯಾಸ, ಜೊತೆಗೆ ತಬಲಾ ಅಥವಾ ಹಾರ್ಮೋನಿಯಂ ಗುಂಪಿನಲ್ಲಿ ಒಂದು ಜಾಗ. ಗಾಯನದ ಹಾಜರಿಯಿಂದ ಹೆಸರು ಮಾತ್ರ ತೆಗೆಯಬಾರದು.